ತುಟಿಯ ಮೇಲಿನ ಬೆರಳು

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಹೊತ್ತು ಇಷ್ಟು ಸರಿಯಾಗಿ ನೆನಪಿರುವುದಕ್ಕೆ ಕಾರಣ, ಆಗ ತಾನೇ ನಾನು ಜೇಬುಗಡಿಯಾರ ತೆಗೆದು ನೋಡಿದ್ದೆ. ಕಾಲೇಜು ಮುಗಿಸಿದ್ದಕ್ಕೆ ಸೋದರಮಾವ ಕೊಟ್ಟಿದ್ದ ಗಡಿಯಾರ ಅದು. ಹೊಸ ಗಡಿಯಾರ ಇದ್ದವರು ಕಾರಣವಿಲ್ಲದೆ ಹೊತ್ತು ನೋಡುತ್ತಾರೆ. ಮುಚ್ಚಳ ಮುಚ್ಚಿ ತಲೆಯೆತ್ತಿದಾಗ, ಕಪಿಲೆಯ ನಡುವಿನ ಮರಳುದಿಬ್ಬದ ಮೇಲೆ ಸಾಲಾಗಿ ಕೂತು ಉಣ್ಣುತ್ತಿದ್ದ ಹುಡುಗರಲ್ಲಿ ಕೊನೆಯವನು, ಸಿದ್ದು, ತುತ್ತನ್ನು ಎಡಗೈಗೆ ಹಾಕಿಕೊಂಡು ಬಲಗೈ ಬೆರಳಿನಿಂದ ನೀರಿನ ಕಡೆ ತೋರಿಸುತ್ತಿದ್ದ. ತೋರಿಸುತ್ತಿದ್ದುದು ಆ ಹುಡುಗರನ್ನು ನೋಡಿಕೊಳ್ಳುತ್ತಿದ್ದ ಮನೆಮೇಷ್ಟರಿಗೆ. ಮನೆಮೇಷ್ಟ್ರು ಅವನನ್ನು ನೋಡಿ ನಕ್ಕರು. ನಕ್ಕು, ತಮ್ಮ ತೋರುಬೆರಳನ್ನು ತುಟಿಯ ಮೇಲಿಟ್ಟುಕೊಂಡರು.

ಅವರನ್ನು ನೆನೆಯಲು ಹೊರಟರೆ ಇವತ್ತಿಗೂ ನನಗೆ ಮೊದಲು ಕಾಣುವುದು ಅವರ ಮುಖವಲ್ಲ, ಆ ಬೆರಳು.

ಹೋದ ತಿಂಗಳು ಮೈಸೂರಿನ ರೈಲು ನಿಲ್ದಾಣದಲ್ಲಿ ಅಡುಗೆ ಪುಟ್ಟಣ್ಣ ಸಿಕ್ಕ. ಪಕ್ಕದಲ್ಲಿ ಖಾಲಿ ಬುಟ್ಟಿ ಇಟ್ಟುಕೊಂಡು ನಂಜನಗೂಡಿನ ಗಾಡಿಗೆ ಕಾಯುತ್ತಿದ್ದ. ನಾನು ಮೇಷ್ಟರ ಯೋಗಕ್ಷೇಮ ಕೇಳುವ ಮೊದಲೇ, "ದೊಡ್ ಮೇಷ್ಟ್ರು ಓಗ್ಬುಟ್ರು ಸಾ" ಎಂದ. ಹೇಗೆ ಎಂದು ಕೇಳಿದೆ.

"ನಿದ್ದೇಲೇ ಸಾ. ರಾತ್ರಿ ಉಂಡು ಮನಗುದ್ರು. ಒತ್ತಾರೆ ಏಳ್ನಿಲ್ಲ."

ನಿದ್ದೆಯಲ್ಲಿ ಎಂಬ ಮಾತು ಕೇಳಿ ನಾನು ಅವನ ಕೈ ಹಿಡಿದುಕೊಂಡೆ. ಅವನೂ ಬಿಡಿಸಿಕೊಳ್ಳಲಿಲ್ಲ. ಆ ಮಾತು ಎಷ್ಟು ದೊಡ್ಡದು ಎಂಬುದು ನಿಲ್ದಾಣದಲ್ಲಿ ನಮ್ಮಿಬ್ಬರಿಗೆ ಬಿಟ್ಟರೆ ಬೇರೆ ಯಾರಿಗೂ ತಿಳಿಯುವಂತಿರಲಿಲ್ಲ.

ಮೇಷ್ಟರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಹಿಡಿದು ಅವರನ್ನು ಕರೆದವರನ್ನು ನಾನು ನೋಡಿಯೂ ಇಲ್ಲ. ನಂಜನಗೂಡಿನ ಶಾಲೆಗೆ ಓದಲು ಬರುವ ಹಳ್ಳಿಯ ಹುಡುಗರಿಗೆಂದು ಒಬ್ಬ ವರ್ತಕರು ಹೊಳೆಯ ಹತ್ತಿರದ ತಮ್ಮ ಹಳೆಯ ತೊಟ್ಟಿಮನೆಯನ್ನು ಬಿಟ್ಟುಕೊಟ್ಟಿದ್ದರು. ಊರಿನವರು ಅದನ್ನು ಹುಡುಗರ ಮನೆ ಎನ್ನುತ್ತಿದ್ದರು. ಶಾಲೆಯಲ್ಲಿ ಪಾಠವನ್ನೂ ಹೇಳುತ್ತ ಅದನ್ನು ನೋಡಿಕೊಳ್ಳುತ್ತಿದ್ದವರು ಮನೆಮೇಷ್ಟ್ರು. ನಾನು ಶಾಲೆಗೆ ಹೊಸ ಉಪಾಧ್ಯಾಯನಾಗಿ ಬಂದಾಗ ಮದುವೆಯಾಗಿರಲಿಲ್ಲ. ಅಲ್ಲೇ ಒಂದು ಕೋಣೆ ಕೊಟ್ಟರು. ಹುಡುಗರು ನನ್ನನ್ನು ಚಿಕ್ಕ ಮೇಷ್ಟ್ರು ಎಂದರು.

ಅವರು ಎತ್ತರದ ಆಳು. ಶಾಲೆಯಲ್ಲಿ ಪೇಟ, ಮುಚ್ಚುಕೋಟು, ಎಕ್ಕಡ. ಮನೆಯ ಹೊಸಿಲು ದಾಟಿದರೆ ಬರಿಗಾಲು. ಅಷ್ಟು ದೊಡ್ಡ ಮೈ ಹೊತ್ತುಕೊಂಡು ಅವರು ನಡೆದರೆ ಸದ್ದೇ ಆಗುತ್ತಿರಲಿಲ್ಲ. ಹುಡುಗರು ಮಾತ್ರ ಅವರು ಬರುವುದನ್ನು ನಶ್ಯದ ವಾಸನೆಯಿಂದ ಮೊದಲೇ ತಿಳಿದುಬಿಡುತ್ತಿದ್ದರು. ಒಂದು ಸಲ ಪುಟ್ಟಣ್ಣ, "ನೀವು ಬೆಕ್ಕಿನಂಗ್ ಬಂದ್ರೂ ನಿಮ್ ಮೂಗು ತಮಟೆ ಒಡ್ಕಂಡ್ ಬತ್ತದಲ್ಲ ಸಾ" ಎಂದಾಗ ಮೇಷ್ಟ್ರು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು.

ಹುಡುಗರನ್ನು ಅವರು ಊರಿನ ಹೆಸರಿನಿಂದ ಕರೆಯುತ್ತಿದ್ದರು. "ಏನೋ ಬನ್ನೂರು, ಕಬ್ಬು ತಿಂದು ಹಲ್ಲು ಮಾತ್ರ ಗಟ್ಟಿ ಮಾಡ್ಕೊಂಡಿದ್ದೀಯ, ಮಗ್ಗಿ ಗಟ್ಟಿ ಮಾಡ್ಕೊಂಡಿಲ್ವಲ್ಲ" ಎನ್ನುವರು. ಹುಡುಗ ಮನೆ ನೆನೆದು ಅಳುತ್ತಿದ್ದರೆ ಅಪ್ಪ ಅಮ್ಮನ ಮಾತೆತ್ತುತ್ತಿರಲಿಲ್ಲ. ಪಕ್ಕದಲ್ಲಿ ಕೂತು, "ನಿಮ್ಮ ಎತ್ತಿನ ಹೆಸರೇನೋ?" ಎಂದು ಕೇಳುತ್ತಿದ್ದರು. ಹುಡುಗ ಮೂಗು ಒರೆಸಿಕೊಂಡು ಹೆಸರು ಹೇಳುತ್ತಿದ್ದ. ಯಾವುದು ಹಾಯುತ್ತದೆ, ಯಾವುದು ಮೈಗಳ್ಳ ಎಂದು ಕೇಳಿದರೆ ಅದನ್ನೂ ಹೇಳುತ್ತಿದ್ದ. ಹೇಳುತ್ತ ಹೇಳುತ್ತ ಅಳು ಎಲ್ಲೋ ಹೋಗಿರುತ್ತಿತ್ತು. ಆ ಎತ್ತುಗಳ ಹೆಸರುಗಳನ್ನು ಮೇಷ್ಟ್ರು ಮರೆಯುತ್ತಿರಲಿಲ್ಲ. ವರ್ಷದ ಮೇಲೆ ಆ ಹುಡುಗನ ಅಪ್ಪ ಬಂದರೆ, "ಬೊಳ್ಳನ ಕಾಲು ಗುಣ ಆಯ್ತೇನಪ್ಪ?" ಎಂದು ಕೇಳಿ ಬೆರಗುಗೊಳಿಸುತ್ತಿದ್ದರು.

ಹೆಂಡತಿ, ಮಗುವನ್ನು ಪ್ಲೇಗಿನಲ್ಲಿ ಕಳೆದುಕೊಂಡವರು ಎಂದು ಕೇಳಿದ್ದೆ. ಅವರಾಗಿ ಒಂದು ದಿನವೂ ಹೇಳಲಿಲ್ಲ.

ಮರಳೂಟ ಅವರೇ ಹಾಕಿಕೊಟ್ಟ ಪದ್ಧತಿ. ಬೇಸಿಗೆ ರಜೆ ಮುಗಿದು ಶಾಲೆ ತೆರೆದ ಮೇಲೆ ಮೊದಲ ಭಾನುವಾರ, ಹೊಸದಾಗಿ ಸೇರಿದ ಹುಡುಗರನ್ನು ಹೊಳೆಯ ನಡುವಿನ ಮರಳುದಿಬ್ಬಕ್ಕೆ ಕರೆದುಕೊಂಡು ಹೋಗುವುದು. ಬೇಸಿಗೆಯಲ್ಲಿ ದಡಕ್ಕೂ ದಿಬ್ಬಕ್ಕೂ ನಡುವೆ ಮೊಣಕಾಲುದ್ದ ನೀರು ಹರಿಯುತ್ತಿರುತ್ತದೆ ಅಷ್ಟೆ. ಅಲ್ಲಿ ಮೀಯುವುದು, ಮುತ್ತುಗದ ಎಲೆ ಹಾಕಿಕೊಂಡು ಎಲ್ಲರೂ ಒಟ್ಟಿಗೆ ಮೊಸರನ್ನ, ರಸಬಾಳೆಹಣ್ಣು ಉಣ್ಣುವುದು. ಆ ಊಟ ಉಂಡ ಮೇಲೆಯೇ ಹುಡುಗ ಮನೆಯವನಾದ ಎಂದು ಲೆಕ್ಕ. ಆದರೆ ನೀರಿಗೆ ಕಾಲಿಟ್ಟ ಗಳಿಗೆಯಿಂದ ಹೊಸಬರು ಬಾಯಿ ಬಿಡುವ ಹಾಗಿಲ್ಲ. ಉಪ್ಪು ಬೇಕಾದರೂ ಬೆರಳು ತೋರಿಸಬೇಕು. ಊಟ ಮುಗಿದು ಎಲ್ಲರೂ ಎದ್ದ ಮೇಲೆ ಮೇಷ್ಟ್ರು ಮನೆಯಿಂದ ತಂದಿದ್ದ ಸಣ್ಣ ಕಂಚಿನ ಗಂಟೆ ಹೊಡೆಯುತ್ತಿದ್ದರು. ಗಂಟೆ ಹೊಡೆದರೆ ಮೌನ ಮುಗಿಯಿತು. ಹುಡುಗರು ಕಿರುಚಿಕೊಂಡು ನೀರಿಗೆ ಬೀಳುತ್ತಿದ್ದರು.

"ಒಂದು ಊಟದ ಹೊತ್ತು ಸುಮ್ಮನೆ ಕೂರೋಕೆ ಆಗದ ಹುಡುಗ ನಾಲ್ಕು ವರ್ಷ ಕೂತು ಏನು ಓದ್ತಾನೆ, ಹೇಳಿ?" ಎಂದು ನನ್ನನ್ನು ಕೇಳಿದ್ದರು. ಒಳಗಿನ ಕಾರಣ ಬೇರೆ ಇತ್ತು. ಮೌನದಲ್ಲಿ ಇರುವವನು ಅಳುವ ಹಾಗೂ ಇಲ್ಲ. ಆ ಒಂದು ಹೊತ್ತು ಅಳು ನುಂಗಿದ ಹುಡುಗನಿಗೆ ಮುಂದಿನ ರಾತ್ರಿಗಳು ಸುಲಭವಾಗುತ್ತವೆ ಎಂದು ಅವರು ನಂಬಿದ್ದರು.

ಅದಕ್ಕೆ ದೊಡ್ಡ ಹುಡುಗರು ಸೇರಿಸಿದ ಒಂದು ಆಟವಿತ್ತು. ಹೊಸಬರ ಬಾಯಿ ಬಿಡಿಸುವುದು. ಹಿಂದಿನಿಂದ ಹೆಸರು ಹಿಡಿದು ಕೂಗುವುದು, "ಲೋ, ನಿಮ್ಮಪ್ಪ ಬಂದವ್ರೆ ನೋಡ್ಲಾ" ಎನ್ನುವುದು, "ಹಾವು! ಹಾವು!" ಎನ್ನುವುದು. ಬಾಯಿ ಬಿಟ್ಟವನು ಒಂದು ವಾರ ಎಲ್ಲರ ಎಂಜಲೆಲೆ ಎತ್ತಬೇಕು. ಬಾಯಿ ಬಿಡದೆ ಗೆದ್ದವನು ಕೈಕಟ್ಟಿ, ತುಟಿಗಳನ್ನು ಒಳಕ್ಕೆ ಎಳೆದುಕೊಂಡು ನಿಲ್ಲಬೇಕು. ಅದು ಗೆದ್ದವನ ಠೀವಿ. ಮೇಷ್ಟ್ರು ಈ ಆಟವನ್ನು ಕಂಡೂ ಕಾಣದವರ ಹಾಗೆ ಇರುತ್ತಿದ್ದರು.

ಸಿದ್ದು ಮುಡುಕುತೊರೆ ಕಡೆಯ ಹುಡುಗ. ಅವನ ದೊಡ್ಡಪ್ಪನ ಮಗ ಮಾದೇವ ಆಗಲೇ ಮೂರು ವರ್ಷದಿಂದ ನಮ್ಮಲ್ಲಿದ್ದ. ಮನೆಗೆಲ್ಲ ದೊಡ್ಡ ಹುಡುಗ, ಒಳ್ಳೆಯ ಈಜುಗಾರ, ಹೊಸಬರ ಬಾಯಿ ಬಿಡಿಸುವುದರಲ್ಲಿ ಎತ್ತಿದ ಕೈ. ಮರಳೂಟದ ಹಿಂದಿನ ಸಂಜೆ ತೊಟ್ಟಿಯ ಕಂಬದ ಹತ್ತಿರ ಅವನು ತಮ್ಮನಿಗೆ ಪಾಠ ಹೇಳುತ್ತಿದ್ದುದು ನನ್ನ ಕೋಣೆಗೆ ಕೇಳಿಸುತ್ತಿತ್ತು.

"ಯಾರ್ ಕರುದ್ರೂ ಮಾತಾಡ್ಬ್ಯಾಡ ಕಣ್ಲಾ."

"ನೀನು ಕರುದ್ರೆ?"

"ನಾನೇ ಕಣ್ಲಾ ಮೊದ್ಲು ಕರ್ಯೋದು. ಗಾಬ್ರಿಯಾದೋನಂಗೆ ಕರೀತೀನಿ. ಸತ್ತೋಯ್ತೀನಿ ಅಂತ ಕೂಗುದ್ರೂ ಬಾಯಿ ಬುಡ್ಬ್ಯಾಡ. ಗಂಟೆ ಒಡ್ಯೋಗಂಟ ತುಟಿ ಬುಚ್ಚುದ್ರೆ ಕೇಳು. ನಮ್ಮೂರ್ ಮರ್ವಾದೆ ನಿನ್ ಕೈಲದೆ."

ಸಿದ್ದು ಖುಷಿಯಿಂದ ನಕ್ಕಿದ್ದ. ಅವನ ದನಿ ನಾನು ಕೇಳಿದ್ದು ಅಲ್ಲಿಗೆ ಕೊನೆ ಎಂದು ಮುಂದೆ ಎಷ್ಟೋ ತಿಂಗಳು ಅಂದುಕೊಂಡಿದ್ದೆ.

ಮಾರನೆಯ ದಿನ ನಂಜನಗೂಡಿನ ಮೇಲೆ ಒಂದು ತುಣುಕು ಮೋಡವೂ ಇರಲಿಲ್ಲ. ಮೇಲೆ ವೈನಾಡಿನಲ್ಲಿ ಎಲ್ಲೋ ಮಳೆ ಹೊಯ್ದಿತ್ತು. ಆ ವರ್ಷದ ಮೊದಲ ನೀರು ಬಿಸಿಲಿನಲ್ಲೇ ಬಂತು. ಮೇಷ್ಟ್ರು ಮೇಲ್ಹೊಳೆಗೆ ಬೆನ್ನು ಹಾಕಿ ಕೂತಿದ್ದರು. ಹುಡುಗರು ಎಲೆಯ ಮೇಲೆ ತಲೆ ಬಗ್ಗಿಸಿದ್ದರು. ಕಾವೇರಿಯ ದಡದಲ್ಲಿ ಬೆಳೆದ ಸಿದ್ದುವಿಗೆ ಮಾತ್ರ ನೀರಿನ ಅಂಚಿನಲ್ಲಿ ಸಾಲುಗಟ್ಟಿ ಬರುತ್ತಿದ್ದ ನೊರೆ, ತರಗೆಲೆ ಕಂಡಿತು. ಅವನು ಬೆರಳು ತೋರಿಸಿದ. ಮೀನೋ ನೀರುನಾಯಿಯೋ ಕಂಡಿರಬೇಕು ಎಂದುಕೊಂಡು ಮೇಷ್ಟ್ರು ತಮ್ಮ ಬೆರಳನ್ನು ತುಟಿಯ ಮೇಲಿಟ್ಟರು. ಸಿದ್ದು ಕೈ ಇಳಿಸಿ ತುತ್ತು ಬಾಯಿಗಿಟ್ಟುಕೊಂಡ.

ಆಮೇಲೆ ನೋಡಿದವನು ಮೊಸರಿನ ಮಡಕೆ ಹಿಡಿದು ಬಡಿಸುತ್ತಿದ್ದ ಮಾದೇವ. "ಸಾ! ಕೆಂಪ್ ನೀರು! ಏಳ್ಸಿ ಸಾ, ಏಳ್ಸಿ!"

ಮೇಷ್ಟ್ರು ತಿರುಗಿದರು. ಅಷ್ಟರಲ್ಲಿ ನಮ್ಮ ಮತ್ತು ದಡದ ನಡುವಿನ ನೀರು ಮಣ್ಣಿನ ಬಣ್ಣಕ್ಕೆ ತಿರುಗಿತ್ತು. "ಏಳ್ರೋ! ಕೈ ಕೈ ಹಿಡ್ಕೊಳ್ಳಿ! ಒಬ್ಬನೂ ಕೈ ಬಿಡಬೇಡಿ!" ಇಬ್ಬರು ಚಿಕ್ಕವರನ್ನು ಎರಡು ತೋಳಿಗೆ ಎತ್ತಿಕೊಂಡು ಅವರೇ ಮುಂದೆ ಇಳಿದರು. ಸರಪಳಿಯ ಕೊನೆಯಲ್ಲಿ ನಾನು. ಮೊಣಕಾಲುದ್ದವಿದ್ದ ನೀರು ನನ್ನ ಸೊಂಟಕ್ಕೆ ಬಂದಿತ್ತು. ನೀರಿಗೆ ತಣ್ಣನೆಯ ಹಸಿ ಮಣ್ಣಿನ ವಾಸನೆ. ಕಾಲ ಕೆಳಗಿನ ಮರಳು ಜಾರಿ ಜಾರಿ ಹೋಗುತ್ತಿತ್ತು. ಒಬ್ಬ ಹೊಸ ಹುಡುಗ ಮುಳುಗಿದ. ಮಾದೇವ ಜುಟ್ಟು ಹಿಡಿದು ಎತ್ತಿದ. ಆ ಹೊಸಬರಲ್ಲಿ ಒಬ್ಬನೂ ಕೂಗಲಿಲ್ಲ ಎಂಬುದು ನನಗೆ ಹೊಳೆದದ್ದು ಆಮೇಲೆ. ಗಂಟೆ ದಿಬ್ಬದ ಮೇಲೆಯೇ ಉಳಿದಿತ್ತು. ಯಾರೂ ಅದನ್ನು ಹೊಡೆದಿರಲಿಲ್ಲ.

ಎಲ್ಲರೂ ದಡ ಸೇರಿದೆವು. ಇದನ್ನು ನಾನು ಎಷ್ಟು ಸಲ ಬರೆದರೂ ಕೈ ಇಲ್ಲಿ ನಿಲ್ಲುತ್ತದೆ. ಎಲ್ಲರೂ ದಡ ಸೇರಿದ್ದೆವು.

ಮೇಷ್ಟ್ರು ನೀರು ಕುಡಿದ ಹುಡುಗನನ್ನು ಬೋರಲು ಮಲಗಿಸಿ ಬೆನ್ನು ಒತ್ತುತ್ತಿದ್ದರು. ಚಿಕ್ಕವರು ದಡದ ಮೇಲಿನ ಹೊಂಗೆಮರಗಳ ಹಿಂದೆ ಚದುರಿ ಹೋಗಿದ್ದರು. ಮಾದೇವ ಆ ಕಡೆ ಈ ಕಡೆ ಓಡಿ ತಮ್ಮನನ್ನು ಹುಡುಕಿದ. "ಸಿದ್ದಾ! ಲೇ ಸಿದ್ದಾ! ಎಲ್ಲಿದ್ದೀಯ್ಲಾ?" ಉತ್ತರವಿಲ್ಲ. ಮತ್ತೆ ಕೂಗಿದ. ಅಂಥ ಗಾಬರಿಯ ಕೂಗನ್ನು ನಾನು ಕೇಳಿರಲಿಲ್ಲ. ಅದಕ್ಕೂ ಉತ್ತರವಿಲ್ಲ. ಆಗ ಅವನು ಹೊಳೆಯ ಕಡೆ ತಿರುಗಿದ. ಕರಗುತ್ತಿದ್ದ ದಿಬ್ಬದ ಮೇಲೆ ಕರ್ರಗೆ ಏನೋ ಮುದುರಿಕೊಂಡು ಬಿದ್ದಿತ್ತು. ನನ್ನ ಕೈ ಅವನ ಕಡೆ ಚಾಚುವುದರೊಳಗೆ ಅವನು ನೀರಿನಲ್ಲಿದ್ದ.

ನಾನು ತಿರುಗಿ ನೋಡಿದೆ. ಹೊಂಗೆಮರದ ಬುಡದಲ್ಲಿ ಸಿದ್ದು ನಿಂತಿದ್ದ. ಮೈಯೆಲ್ಲ ನೀರು ಸುರಿಯುತ್ತಿತ್ತು. ಕೈಕಟ್ಟಿಕೊಂಡಿದ್ದ. ತುಟಿಗಳನ್ನು ಒಳಕ್ಕೆ ಎಳೆದುಕೊಂಡಿದ್ದ. ಅಣ್ಣ ಹೇಳಿದ ಹಾಗೆಯೇ ಕರೆದಿದ್ದ. ತಮ್ಮ ಗೆದ್ದಿದ್ದ.

"ಇಲ್ಲಿದ್ದಾನೋ! ಮಾದೇವಾ, ಇಲ್ಲಿದ್ದಾನೆ!" ಹೊಳೆಯ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ. ಸಿದ್ದುವನ್ನು ಎತ್ತಿ ಹೆಗಲ ಮೇಲೆ ನಿಲ್ಲಿಸಿಕೊಂಡೆ, ಕಾಣಲಿ ಎಂದು. ಮಾದೇವ ದಿಬ್ಬ ಮುಟ್ಟಿದ. ಬಗ್ಗಿ ಆ ಕರಿಯದನ್ನು ಎಳೆದ. ಅದೊಂದು ಕಂಬಳಿ, ಕೂರುವುದಕ್ಕೆ ನಾವೇ ತಂದು ಹಾಸಿದ್ದ ಕಂಬಳಿ. ಅವನು ನಮ್ಮ ಕಡೆ ತಿರುಗಿ ಆ ಕಂಬಳಿಯನ್ನು ಎರಡು ಕೈಯಲ್ಲೂ ಮೇಲೆತ್ತಿ ತೋರಿಸಿದ. ಆಮೇಲೆ ದಿಬ್ಬವೇ ಇರಲಿಲ್ಲ.

ಏಕೆ ಎತ್ತಿ ತೋರಿಸಿದ? ತಮ್ಮನನ್ನು ನನ್ನ ಹೆಗಲ ಮೇಲೆ ಕಂಡು, ಬರೀ ಕಂಬಳಿ ಕಣ್ರೀ ಎಂದು ನಗುತ್ತ ಎತ್ತಿದನೇ? ಇಲ್ಲ, ಇಲ್ಲಿ ಬರೀ ಕಂಬಳಿ ಇದೆ, ತಮ್ಮ ಇಲ್ಲ ಎಂದು ಎತ್ತಿದನೇ? ಮುಖ ಕಾಣುವಷ್ಟು ಹತ್ತಿರ ಇರಲಿಲ್ಲ. ಕಣ್ಣು ಮುಚ್ಚಿದರೆ ಆ ಕಂಬಳಿ ಏಳುತ್ತದೆ. ಉತ್ತರ ಮಾತ್ರ ಸಿಕ್ಕಿಲ್ಲ.

ಅವನು ಸಿಕ್ಕಿದ್ದು ತಿರುಮಕೂಡಲಿನಲ್ಲಿ, ನಮ್ಮ ಕಪಿಲೆ ಕಾವೇರಿಗೆ ಸೇರುವ ಕಡೆ. ನರಸೀಪುರದ ಅಂಬಿಗರು ಹರಿಗೋಲಿನಲ್ಲಿ ಹೋಗಿ ತಂದಿದ್ದರು. ಮೇಷ್ಟ್ರೂ ನಾನೂ ಗಾಡಿಯಲ್ಲಿ ಹೋದೆವು. ಮಾದೇವನ ತಾಯಿ ಅಲ್ಲಿಗೆ ಆಗಲೇ ಬಂದಿದ್ದರು. ಮೇಷ್ಟ್ರು ಅವರ ಮುಂದೆ ಹೋಗಿ ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತರು. ಆಕೆ ಬಯ್ಯಲಿ ಎಂದು ಕಾದು ನಿಂತಿದ್ದರು ಎಂದು ಈಗ ತೋರುತ್ತದೆ. ಆಕೆ ಬಯ್ಯಲಿಲ್ಲ. "ಬಿಸ್ಲು ಸಾ, ಪ್ಯಾಟ ಇಕ್ಕೊಳ್ಳಿ" ಎಂದರು.

ವಿಚಾರಣೆಗೆ ಅಮಲ್ದಾರರು ಮನೆಗೆ ಬಂದರು. ಮೊದಲ ನೀರು ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ, ಇದರಲ್ಲಿ ಯಾರ ತಪ್ಪೂ ಇಲ್ಲ ಎಂದರು. ಮೇಷ್ಟ್ರು ಒಪ್ಪಲಿಲ್ಲ.

"ಹುಡುಗ ಮೊದಲೇ ತೋರಿಸಿದ್ದ ಸ್ವಾಮಿ. ನಾನು ಸುಮ್ಮನಿರು ಅಂದೆ. ಈ ಬೆರಳಿನಲ್ಲಿ."

"ಬೆರಳನ್ನ ನಾನು ಹೇಗೆ ಬರ್ಕೊಳ್ಳಲಿ ಮೇಷ್ಟ್ರೇ?" ಎಂದರು ಅಮಲ್ದಾರರು. ಮೆತ್ತಗೇ ಹೇಳಿದರು.

ಅವತ್ತಿನಿಂದ ಮೇಷ್ಟ್ರು ಆ ಬೆರಳನ್ನು ಮಡಿಸಿ ಮುಷ್ಟಿಯೊಳಗೆ ಇಟ್ಟುಕೊಂಡರು. ಸೀಮೆಸುಣ್ಣವನ್ನು ಹೆಬ್ಬೆರಳು, ನಡುಬೆರಳಲ್ಲಿ ಹಿಡಿದು ಬರೆಯುತ್ತಿದ್ದರು. ಅಕ್ಷರ ಸೊಟ್ಟಗಾಯಿತು. ಊಟ ಮಾಡುವಾಗಲೂ ಹಾಗೆಯೇ, ಅನ್ನ ಎಲೆಯ ಮೇಲೆ ಉದುರುತ್ತಿತ್ತು. ನಶ್ಯ ಬಿಟ್ಟರು. ಪುಟ್ಟಣ್ಣ ಒಮ್ಮೆ ನನ್ನೊಡನೆ, "ಬೆಳ್ಳು ಮುರ್ದೋಗಿದ್ರೆ ಕಟ್ಟಾದ್ರೂ ಕಟ್ಟುಸ್ಬೋದಿತ್ತು" ಎಂದ.

ಮೌನವೆಂದರೆ ಅವರಿಗೆ ಆಗದು ಎನ್ನುವಂತಾಯಿತು. ಊಟದ ಸಾಲಿನಲ್ಲಿ ಪಿಸುಮಾತಿಗೂ ಗದರುತ್ತಿದ್ದವರು, ಹುಡುಗರು ಒಂದು ಕ್ಷಣ ಸುಮ್ಮನಾದರೆ ಬೆಚ್ಚಿ ತಲೆಯೆತ್ತುತ್ತಿದ್ದರು. "ಯಾಕ್ರೋ? ಮಾತಾಡ್ರೋ. ಏನಾದ್ರೂ ಮಾತಾಡ್ರೋ." ಹುಡುಗರಿಗೆ ಏನು ಮಾತಾಡಬೇಕೆಂದು ತಿಳಿಯದು. ಬನ್ನೂರಿನವನು ಮಗ್ಗಿ ಹೇಳತೊಡಗುತ್ತಿದ್ದ. ಅನ್ನ ಕಲಸುತ್ತ, ಸಾರು ಸುರಿಯುತ್ತ, ಇಡೀ ಸಾಲು ಮಗ್ಗಿ ಕೂಗುತ್ತಿತ್ತು. ದಾರಿಯಲ್ಲಿ ಹೋಗುವವರು ನಿಂತು ಕೇಳಿ ನಗುತ್ತಿದ್ದರು. ಒಳಗೆ ಯಾರೂ ನಗುತ್ತಿರಲಿಲ್ಲ.

ಸಿದ್ದು ಮಾತ್ರ ಮಾತಾಡಲಿಲ್ಲ.

ಹೊಂಗೆಮರದ ಕೆಳಗೆ ಮುಚ್ಚಿದ ಬಾಯಿಯನ್ನು ಅವನು ಮತ್ತೆ ತೆರೆದದ್ದು ತುತ್ತಿಗೆ ಮಾತ್ರ. ಆಸ್ಪತ್ರೆಯ ಡಾಕ್ಟರು ನಾಲಿಗೆ, ಗಂಟಲು ನೋಡಿ ಎಲ್ಲ ಸರಿಯಾಗಿದೆ ಎಂದರು. ಮೇಷ್ಟ್ರು ಮೈಸೂರಿನಿಂದ ಅಂಥದೇ ಇನ್ನೊಂದು ಗಂಟೆ ತರಿಸಿದರು. ಬೆಳಿಗ್ಗೆ ಹುಡುಗನ ಮುಂದೆ ಕೂತು ಹೊಡೆದು, "ಮುಗೀತು ಕಣಪ್ಪ. ಗಂಟೆ ಆಯ್ತು. ಇನ್ನು ಮಾತಾಡಬಹುದು" ಎನ್ನುತ್ತಿದ್ದರು. ಸಿದ್ದು ಗಂಟೆಯನ್ನೇ ನೋಡುತ್ತಿದ್ದ. ಅದು ಬೇರೆ ಗಂಟೆ ಎಂದು ಅವನಿಗೆ ಗೊತ್ತಿತ್ತು. "ನಿಮ್ಮ ಎತ್ತಿನ ಹೆಸರೇನೋ ಮುಡುಕುತೊರೆ?" ಎಂದು ಕೇಳುವರು. ಅದಕ್ಕೂ ಇಲ್ಲ. ಎಲ್ಲ ಹುಡುಗರ ಎತ್ತಿನ ಹೆಸರು ಬಲ್ಲವರಿಗೆ ಈ ಒಬ್ಬನ ಎತ್ತಿನ ಹೆಸರು ಸಿಗಲಿಲ್ಲ.

ರಾತ್ರಿಗಳ ವಿಷಯ ಹೆಚ್ಚು ಬರೆಯಲಾರೆ. ದೀಪ ಆರಿದ ಮೇಲೆ ಅವರು ಹುಡುಗರು ಮಲಗಿದ ಪಡಸಾಲೆಯಲ್ಲಿ ಓಡಾಡುತ್ತಿದ್ದರು. ಒಬ್ಬೊಬ್ಬನ ಹೆಸರು ಕರೆಯುವರು. ನಿದ್ದೆಗಣ್ಣಿನಲ್ಲೇ "ಇದ್ದೀನಿ ಸಾ" ಎಂಬ ಉತ್ತರ ಬರುವುದು. ಕೊನೆಗೆ, "ಸಿದ್ದು?" ಎನ್ನುವರು. ಆಮೇಲೆ ಬಹಳ ಹೊತ್ತು ಏನೂ ಕೇಳಿಸದು. ಹುಡುಗನ ಪಾದ ಮುಟ್ಟಿ ನೋಡಿ ಹಿಂತಿರುಗುವರು. ಸ್ವಲ್ಪ ಹೊತ್ತಿಗೆ ಮತ್ತೆ ಮೊದಲಿನಿಂದ. ನನ್ನ ಕೋಣೆಯ ಗೋಡೆಯಾಚೆ ಇದೆಲ್ಲ ನಡೆಯುತ್ತಿತ್ತು. ನಾನು ಕಂಬಳಿ ಹೊದೆಯುವುದನ್ನು ಬಿಟ್ಟಿದ್ದೆ. ಚಳಿಯಾದರೆ ಪಂಚೆಯನ್ನೇ ಹೊದ್ದು, ಆ "ಸಿದ್ದು?" ಎಂಬ ಕರೆಗೆ ಕಾಯುತ್ತ ಬಿದ್ದಿರುತ್ತಿದ್ದೆ.

ಬಾಯಿಲ್ಲದ ಹುಡುಗನಿಗೆ ಪಾಠ ಒಪ್ಪಿಸಿಕೊಳ್ಳುವುದು ಹೇಗೆ ಎಂದು ಶಾಲೆಯ ಹೆಡ್‌ಮಾಸ್ತರರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ದಸರಾ ರಜೆಯ ಹೊತ್ತಿಗೆ ಸಿದ್ದುವಿನ ಅಪ್ಪ ಬಂದರು. ಮೇಷ್ಟ್ರು ಚಾಪೆ ಹಾಸಿ ಕೂರಿಸಿದರೂ ಕೂರದೆ ಕಂಬ ಒರಗಿ ನಿಂತರು.

"ಮೂಗನ್ನ ಇಟ್ಕಂಡು ನೀವಾದ್ರೂ ಏನ್ ಮಾಡೀರಿ ಸಾ. ದನ ಕಾಯ್ಲಿ ಬುಡಿ."

"ಮೂಗ ಅನ್ನಬೇಡಿ. ನಾನು ಮುಚ್ಚಿಸಿದ ಬಾಯಿ ಅದು. ಸ್ವಲ್ಪ ಕಾಲ ಕೊಡಿ."

ಅಪ್ಪ ಅಂಗಳ ನೋಡುತ್ತ ಹೇಳಿದರು: "ಈಗ್ಲೇ ಕರ್ಕೊಂಡೋಗೋ ಅಂಗೂ ಇಲ್ಲ. ನಮ್ಮತ್ಗೆ ಇವನ್ನ ನೋಡುದ್ರೆ ಎದೆ ಬಡ್ಕೋತಾಳೆ. ಮನೇಲಿ ಈ ಸಲ ಅಬ್ಬಾನೂ ಇಲ್ಲ. ದೀವಳಿಗೆ ಕಳೀಲಿ. ಬಂದು ಕರ್ಕೊಂಡೋಯ್ತೀನಿ."

ಅವರು ಹೋದ ಮೇಲೆ ಮೇಷ್ಟ್ರು ನನ್ನೊಡನೆ ಒಂದೇ ಮಾತು ಹೇಳಿದರು. "ಹೀಗೇ ಹೋದರೆ ಅವನು ಜನ್ಮಾಪೂರ್ತಿ ಆ ಮರದ ಕೆಳಗೇ ನಿಂತಿರ್ತಾನೆ ಕಣ್ರೀ."

ದೀಪಾವಳಿಗೆ ಹುಡುಗರೆಲ್ಲ ಊರುಗಳಿಗೆ ಹೋದರು. ಉಳಿದವರು ಸಿದ್ದು, ಊರಿನಲ್ಲಿ ಜ್ವರದ ಗಲಾಟೆಯಿದ್ದ ಬನ್ನೂರಿನ ಹುಡುಗ, ಪುಟ್ಟಣ್ಣ ಮತ್ತು ನಾವಿಬ್ಬರು. ನೀರು ತುಂಬುವ ಹಬ್ಬದ ಸಂಜೆ. ಬಚ್ಚಲಿನ ಹಂಡೆಯನ್ನು ಪುಟ್ಟಣ್ಣ ಹುಣಿಸೆಹಣ್ಣು ಹಾಕಿ ಉಜ್ಜಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಾಗಲಬಳ್ಳಿ ಸುತ್ತಿದ್ದ. ಮಾರನೆಯ ದಿನ ಬೆಳಕು ಹರಿಯುವ ಮೊದಲು ಎಣ್ಣೆ ಹಚ್ಚಿಕೊಂಡು ಮೀಯಲು ಸಂಜೆಯೇ ನೀರು ತುಂಬಬೇಕು. ಬಾವಿಯಿಂದ ನಾನು ಸೇದುವುದು, ಬನ್ನೂರಿನವನು ತರುವುದು, ಸಿದ್ದು ಈಸಿಕೊಂಡು ಮೇಷ್ಟರ ಕೈಗೆ ಕೊಡುವುದು, ಅವರು ಹಂಡೆಗೆ ಸುರಿಯುವುದು. ಆಗಲೇ ಒಲೆಗೆ ಒಂದಿಷ್ಟು ಉರಿ ಹಾಕಿ ಪುಟ್ಟಣ್ಣ ಊದುತ್ತ ಕೂತಿದ್ದ.

ಕೊನೆಯ ಕೊಡ ಎಂದುಕೊಂಡು ನಾನೇ ಹೊತ್ತು ತಂದೆ. ಹಂಡೆ ಕಂಠದವರೆಗೆ ಬಂದಿತ್ತು. ಮೇಷ್ಟ್ರು ಎಲ್ಲೋ ನೋಡುತ್ತ ಸುರಿದರು. ನೀರು ಅಂಚು ದಾಟಿ, ಕೆಮ್ಮಣ್ಣಿನ ಪಟ್ಟೆಯನ್ನು ಕರಗಿಸಿಕೊಂಡು, ಕೆಂಪಾಗಿ ಇಳಿದು ಸಿದ್ದುವಿನ ಕಾಲು ಮುಟ್ಟಿತು.

ಹುಡುಗ ಸೆಟೆದು ನಿಂತ. ನೀರನ್ನು ನೋಡಿದ. ಬೆರಳೆತ್ತಿ ಮೇಷ್ಟರಿಗೆ 'ಅಗೋ' ಎನ್ನುವ ಹಾಗೆ ತೋರಿಸಿದ.

ಮೇಷ್ಟ್ರು ಆ ಬೆರಳನ್ನು ನೋಡಿದರು. ಅವರ ಮುಖ ಬೂದಿಯಾಯಿತು. ಬನ್ನೂರಿನವನ ಕೈಯಿಂದ ಇನ್ನೊಂದು ಕೊಡ ಕಸಿದುಕೊಂಡು ಅದನ್ನೂ ಸುರಿದರು.

"ಸಾ, ಒಲೆ ಆರೋಯ್ತದೆ!" ಎಂದ ಪುಟ್ಟಣ್ಣ.

"ಆರಲಿ. ಇನ್ನೊಂದು ತನ್ರೀ."

ನನಗೆ ಅರ್ಥವಾಯಿತು. ಓಡಿ ಹೋಗಿ ಸೇದಿದೆ. ತಂದು ಕೊಟ್ಟೆ. ಅವರು ಸಿದ್ದುವಿನ ಕಣ್ಣನ್ನೇ ನೋಡುತ್ತ ಸುರಿದರು. ಒಲೆ ಚುಂಯ್ ಎಂದು ಹೊಗೆ ಎದ್ದಿತು. ಹಾಗಲಬಳ್ಳಿ ಕಳಚಿ ತೇಲಿತು. ಸಿದ್ದುವಿನ ಬೆರಳು ಇನ್ನೂ ಮೇಲೆಯೇ ಇತ್ತು.

"ಸಾಕು ಸಾ."

ತುಕ್ಕು ಹಿಡಿದ ರಾಟೆ ತಿರುಗಿದ ಹಾಗಿತ್ತು ಆ ದನಿ.

ಮೇಷ್ಟ್ರು ಕೊಡ ಇಳಿಸಲಿಲ್ಲ. "ಏನಂದೆ ಮುಡುಕುತೊರೆ? ಕೇಳಿಸಲಿಲ್ಲ."

"ಸಾಕು ಅಂದೆ! ತುಂಬೋಯ್ತು! ಕಣ್ ಕಾಣಾಕಿಲ್ವಾ ನಿಮ್ಗೆ? ಎಲ್ಲಾ ಆಚೀಕ್ ಓಯ್ತಾ ಅದೆ!" ಹುಡುಗ ಕಿರುಚಿದ. ಕಿರುಚುತ್ತಲೇ ಅವನ ಮುಖ ಬಚ್ಚಲ ಬಾಗಿಲ ಕಡೆ, ಹೊಳೆಯ ಕಡೆ ತಿರುಗಿತು. "ಇಲ್ಲೇ ಇವ್ನಿ ಕಣಣ್ಣಾ! ಅಣ್ಣಾ, ಇಲ್ಲೇ ಇವ್ನಿ! ಮರದ್ ತಾವೇ ಇವ್ನಿ, ಬಾರಣ್ಣಾ!"

ಮೇಷ್ಟ್ರು ಆ ನೀರಿನಲ್ಲೇ ಕುಸಿದು ಕೂತು ಅವನನ್ನು ಎಳೆದು ಅಪ್ಪಿಕೊಂಡರು. ಅವನು ಕೂಗುತ್ತಲೇ ಇದ್ದ. ಯಾರೂ ಅವನನ್ನು ಸುಮ್ಮನಿರು ಎನ್ನಲಿಲ್ಲ. ಕೂಗಿ ಕೂಗಿ ದನಿ ಸಣ್ಣದಾಗುವವರೆಗೂ ಆ ಬಚ್ಚಲಿನಲ್ಲಿ ನಾವು ನಿಂತಿದ್ದೆವು. ಕೊನೆಗೆ ಅವನು ಬಿಕ್ಕುತ್ತ, ಯಾರೂ ಕೇಳದೆಯೇ ಹೇಳಿದ: "ಕರಿಯ, ಚೆನ್ನ ಸಾ. ಚೆನ್ನ ಹಾಯ್ತದೆ."

ಅವತ್ತು ದೀಪ ಆರಿದ ಮೇಲೆ ಮೇಷ್ಟ್ರು ಎಂದಿನಂತೆ ಪಡಸಾಲೆಗೆ ಹೋದರು. ಬನ್ನೂರಿನವನನ್ನು ಕರೆದರು. ಆಮೇಲೆ, "ಸಿದ್ದು?"

"ಇವ್ನಿ ಸಾ. ಓಗಿ ಮನಿಕ್ಕೊಳ್ಳಿ."

ನನಗೆ ನೆನಪಿರುವುದು ಅಷ್ಟೇ. ಅದರ ಮುಂದೆ ನಿದ್ದೆ.

ಎಚ್ಚರವಾದದ್ದು ಪುಟ್ಟಣ್ಣನ ಬೈಗುಳಕ್ಕೆ. ಬಿಸಿಲು ತೊಟ್ಟಿಯ ಅರ್ಧಕ್ಕೆ ಬಂದಿತ್ತು. ಬೆಳಕಿಗೆ ಮೊದಲು ಮೀಯಬೇಕಾದ ಹಬ್ಬದಲ್ಲಿ ಇಡೀ ಮನೆ ಮಲಗಿಬಿಟ್ಟಿತ್ತು. ಹಂಡೆಯ ನೀರು ತಣ್ಣಗೇ ಇತ್ತು. "ನರಕಾಸುರ ಎದ್ದು ಮೊಕ ತೊಳ್ಕಂಡು ಊಟಕ್ ಬರೋ ಒತ್ತಾಯ್ತು, ಇಲ್ಲೊಬ್ರೂ ಎದ್ದಿಲ್ಲ! ಒಲೆ ಯಾರ್ ಅಸ್ಸೋರು? ಎಬ್ಬುಸ್ತೀನಿ ಅಂದೋರೇ ಮನಗವ್ರೆ!"

"ಶ್, ಮೆತ್ತಗೆ" ಎಂದೆ.

ಮೇಷ್ಟ್ರು ಪಡಸಾಲೆಯಲ್ಲೇ, ಸಿದ್ದುವಿನ ಚಾಪೆಯ ಪಕ್ಕದ ಬರಿನೆಲದ ಮೇಲೆ ಮಲಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು, ಸಣ್ಣಗೆ ಗೊರಕೆ ಬರುತ್ತಿತ್ತು. ಬಿಸಿಲು ಅವರ ಪಾದದ ಮೇಲೆ ಬಿದ್ದಿತ್ತು. ಬಲಗೈ ಎದೆಯ ಮೇಲಿತ್ತು. ಮುಷ್ಟಿ ಬಿಚ್ಚಿ ಐದು ಬೆರಳೂ ಚಾಚಿಕೊಂಡಿದ್ದವು.